ಆನ್ ಆರ್ಬರ್‌ನಲ್ಲಿ ಟೈಲ್‌ಗೇಟ್: ಫುಟ್‌ಬಾಲ್ ಸೀಸನ್ ಬಂತೆಂದರೆ ನಮ್ಮನ್ನು ಕೇಳುವ ಪ್ರಶ್ನೆಗಳು

ಮಿಶಿಗನ್ ವಿಶ್ವವಿದ್ಯಾಲಯದ ತಂಡ ಆನ್ ಆರ್ಬರ್‌ನಲ್ಲಿ ಆಡುವ ಶನಿವಾರಗಳಲ್ಲಿ ನಮ್ಮ ಗೆಳೆಯರ ಗುಂಪು ಸ್ಟೇಡಿಯಂ ಹತ್ತಿರ ಟೈಲ್‌ಗೇಟ್ ಮಾಡುತ್ತದೆ. ನೋವೈ, ಕ್ಯಾಂಟನ್, ಟ್ರಾಯ್ ಕಡೆಯ ಕನ್ನಡದ ಮನೆಗಳು, ಕಾರು ಕಂಪನಿಗಳಲ್ಲಿ ನಮ್ಮ ಜೊತೆ ಕೆಲಸ ಮಾಡುವ ಇಲ್ಲಿನವರು, ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು, ಎಲ್ಲರೂ ಇದ್ದೇವೆ. ಡೆಟ್ರಾಯಿಟ್ ಸುತ್ತಮುತ್ತಲಿಗೆ ಹೊಸದಾಗಿ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇವೆ. ಏನೂ ಗೊತ್ತಿಲ್ಲದವರು ಮೊದಲಿನಿಂದ ಓದಿ. ಸ್ವಂತ ಗುಂಪು ಕಟ್ಟುವ ಆಸೆ ಇದ್ದವರು ಕೊನೆಯ ಭಾಗವನ್ನು ತಪ್ಪದೆ ಓದಿ.

## ಏನೂ ಗೊತ್ತಿಲ್ಲದವರಿಗೆ

ಟೈಲ್‌ಗೇಟ್ ಅಂದ್ರೆ ಏನು? ಪಾರ್ಕಿಂಗ್ ಲಾಟಲ್ಲಿ ಕೂತು ಊಟ ಮಾಡೋದಾ?

ಹೌದು, ಅದೇ. ಪಂದ್ಯಕ್ಕೆ ಮೂರ್ನಾಲ್ಕು ಗಂಟೆ ಮುಂಚೆ ಬಂದು ಕಾರು ನಿಲ್ಲಿಸುತ್ತೇವೆ. ಹಿಂದಿನ ಬಾಗಿಲು ತೆಗೆದು ಸಾಮಾನು ಇಳಿಸಿ, ಅಲ್ಲೇ ಒಲೆ ಹಚ್ಚಿ, ಅಡುಗೆ ಮಾಡಿ, ಎಲ್ಲರೂ ಕೂಡಿ ತಿನ್ನುತ್ತೇವೆ. ಊರ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ಬಯಲಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ, ಆಮೇಲೆ ತೇರು ನೋಡಲು ಹೋಗುತ್ತಿದ್ದರಲ್ಲ, ಅದನ್ನು ಕಂಡವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಪಕ್ಕದ ಕಾರಿನವರು ಯಾರೋ ಏನೋ, ಮಧ್ಯಾಹ್ನದ ಹೊತ್ತಿಗೆ ಅವರ ತಟ್ಟೆಯಲ್ಲಿ ನಮ್ಮದು, ನಮ್ಮ ತಟ್ಟೆಯಲ್ಲಿ ಅವರದು ಇರುತ್ತದೆ.

ಫುಟ್‌ಬಾಲ್ ಅಂತೀರಿ, ಚೆಂಡು ನೋಡಿದ್ರೆ ಕೈಯಲ್ಲೇ ಇರತ್ತೆ. ಆಟ ಅರ್ಥ ಆಗ್ದೇ ಬಂದ್ರೆ ಬೋರ್ ಆಗಲ್ವಾ?

ಆಗುವುದಿಲ್ಲ. ಆದರೂ ಇಷ್ಟು ತಿಳಿದುಕೊಂಡು ಬಂದರೆ ಖುಷಿ ಜಾಸ್ತಿ.

ಒಂದೊಂದು ಕಡೆ 11 ಜನ. ಮೈದಾನದ ಉದ್ದ 100 ಗಜ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೆ ಡೌನ್ ಎನ್ನುತ್ತಾರೆ. ನಾಲ್ಕರೊಳಗೆ 10 ಗಜ ದಾಟಿದರೆ ಹೊಸದಾಗಿ ಮತ್ತೆ ನಾಲ್ಕು ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಾಳಿಗೆ. ಚೆಂಡಿನೊಂದಿಗೆ ಆ ತುದಿಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದಾದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ದೂರದಿಂದಲೇ ಕಂಬಗಳ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ 3. ತಲಾ 15 ನಿಮಿಷದ ನಾಲ್ಕು ಭಾಗಗಳು, ಆದರೆ ಗಡಿಯಾರ ನಡುನಡುವೆ ನಿಲ್ಲುವುದರಿಂದ ಎಲ್ಲ ಸೇರಿ ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ.

ಮೊದಲ ಪಂದ್ಯದಲ್ಲಿ ಒಂದೇ ವಿಷಯ ಗಮನಿಸಿ: ಈಗ ಎಷ್ಟನೇ ಡೌನ್, ಇನ್ನೆಷ್ಟು ಗಜ ಬಾಕಿ. ಮೂರನೇ ಡೌನ್ ಬಂದಾಗ ಇಡೀ ಸ್ಟೇಡಿಯಂ ಯಾಕೆ ಎದ್ದು ನಿಂತು ಕೂಗುತ್ತದೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಜನ ಯಾಕೆ ಸೇರ್ತಾರೆ?

ಇದು ನೂರು ವರ್ಷಕ್ಕೂ ಹಳೆಯ ನಂಟು. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯವೆಂದು ಲೆಕ್ಕಕ್ಕಿರುವುದು 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದದ್ದು. ಹಣಕ್ಕಾಗಿ ಆಡುವ ವೃತ್ತಿಪರ ಲೀಗ್ ಹುಟ್ಟಿದ್ದು ಎಷ್ಟೋ ಆಮೇಲೆ. ಹಾಗಾಗಿ ಎಷ್ಟೋ ಊರುಗಳಿಗೆ ಕಾಲೇಜಿನ ತಂಡವೇ ಊರಿನ ತಂಡ. ಅಜ್ಜ ಓದಿದ ಕಾಲೇಜು, ಮಗಳು ಓದಿದ ಕಾಲೇಜು, ಅಲ್ಲಿ ಓದದಿದ್ದರೂ ರೇಡಿಯೋದಲ್ಲಿ ಕೇಳುತ್ತಾ ಬೆಳೆದ ಕಾಲೇಜು.

ಮಿಶಿಗನ್ ಸ್ಟೇಡಿಯಂ 1927ರಲ್ಲಿ ಶುರುವಾಯಿತು. ಎಲ್ಲರೂ ಕರೆಯುವುದು 'ಬಿಗ್ ಹೌಸ್' ಎಂದು. 1,07,601 ಜನ ಕೂರಬಹುದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸ್ಟೇಡಿಯಂ ಇಲ್ಲ. 1975ರ ನವೆಂಬರ್‌ನಿಂದ ಈಚೆಗೆ, ಕೋವಿಡ್ ಬಂದ 2020 ಬಿಟ್ಟರೆ, ಇಲ್ಲಿನ ಒಂದೊಂದು ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಬಂದಿದ್ದಾರೆ. 2013ರಲ್ಲಿ ನೋಟರ್ ಡೇಮ್ ವಿರುದ್ಧದ ಪಂದ್ಯಕ್ಕೆ 1,15,109 ಜನ ಸೇರಿದ್ದರು. 2023ರ ಸೀಸನ್‌ನಲ್ಲಿ ತಂಡ ತನ್ನ ಸಾವಿರನೆಯ ಗೆಲುವು ಕಂಡಿತು. ಅದುವರೆಗೆ ಯಾವ ಕಾಲೇಜು ತಂಡವೂ ಆ ಸಂಖ್ಯೆ ಮುಟ್ಟಿರಲಿಲ್ಲ. ಅದೇ ಸೀಸನ್‌ನ ಕೊನೆಗೆ, 2024ರ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ವರ್ಷ ಟೈಲ್‌ಗೇಟ್‌ಗೆ ಬಂದವರಲ್ಲಿ ಆಟದ ಗಂಧ ಗಾಳಿ ಇಲ್ಲದವರೂ ವರ್ಷದ ಕೊನೆಗೆ ಆಟಗಾರರ ಹೆಸರು ಹೇಳುತ್ತಿದ್ದರು.

ಸೀಸನ್ ಯಾವಾಗ ಶುರು, ಯಾವಾಗ ಮುಗಿಯತ್ತೆ?

ಆಗಸ್ಟ್ ಕೊನೆಗೆ ಇಲ್ಲವೇ ಸೆಪ್ಟೆಂಬರ್ ಮೊದಲ ವಾರ ಶುರು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರಕ್ಕೆ ಮುಕ್ತಾಯ. ಮಾಮೂಲಿ ಸೀಸನ್‌ನಲ್ಲಿ 12 ಪಂದ್ಯ, ಅದರಲ್ಲಿ ಏಳೆಂಟು ನಮ್ಮೂರಲ್ಲಿ. ಹೊತ್ತು ಮಾತ್ರ ಟಿವಿ ಚಾನೆಲ್‌ಗಳ ಕೈಯಲ್ಲಿದೆ. ಮಧ್ಯಾಹ್ನ 12, ಮೂರೂವರೆ, ಸಂಜೆ ಏಳೂವರೆ, ಇವುಗಳಲ್ಲಿ ಯಾವುದು ಎನ್ನುವುದು ಎಷ್ಟೋ ಸಲ ಒಂದೆರಡು ವಾರ ಮುಂಚೆಯಷ್ಟೇ ಗೊತ್ತಾಗುತ್ತದೆ. ಅಂಥ ಶನಿವಾರ ಬೇರೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ.

ನಮ್ಮ ಹತ್ರ ಟಿಕೆಟ್ ಇಲ್ಲ. ಸುಮ್ನೆ ಟೈಲ್‌ಗೇಟ್‌ಗೆ ಮಾತ್ರ ಬರಬಹುದಾ?

ಖಂಡಿತ ಬನ್ನಿ. ಪ್ರತಿ ವಾರ ನಮ್ಮಲ್ಲಿ ಕೆಲವರು ಹೊರಗೇ ಉಳಿಯುತ್ತಾರೆ. ಟಿವಿ ಹಾಕಿ, ಕರೆಂಟಿಗೆ ಸಣ್ಣ ಬ್ಯಾಟರಿ ಪೆಟ್ಟಿಗೆ ಇಟ್ಟುಕೊಂಡು ನೋಡುತ್ತಾರೆ. ಒಳಗಿನ ಕೂಗು ಟಿವಿಗಿಂತ ಮುಂಚೆ ಕಿವಿಗೆ ಬೀಳುತ್ತದೆ, ಟಚ್‌ಡೌನ್ ಆಯಿತು ಎನ್ನುವುದು ನೋಡುವ ಮೊದಲೇ ಗೊತ್ತಾಗುತ್ತದೆ. ಹೊರಗೆ ಉಳಿದವರು ಎರಡನೇ ದರ್ಜೆಯವರು ಅನ್ನುವ ಭಾವನೆ ನಮ್ಮ ಗುಂಪಿನಲ್ಲಿ ಇಲ್ಲ, ಇರಲೂ ಬಾರದು. ಟಿಕೆಟ್ ದುಬಾರಿ. ಸ್ನೇಹಕ್ಕೆ ಅದು ಅಡ್ಡಿಯಾಗಬಾರದು.

## ಜಾಗ, ಹೊತ್ತು, ಸಾಮಾನು

ಕಾರು ಎಲ್ಲಿ ನಿಲ್ಲಿಸೋದು?

ಮೂರು ದಾರಿ ಇವೆ. ಸ್ಟೇಡಿಯಂ ಎದುರಿಗಿನ ಪಯೋನಿಯರ್ ಹೈಸ್ಕೂಲಿನ ಬಯಲು ಒಂದು. ಗಾಲ್ಫ್ ಕೋರ್ಸ್‌ನ ಹುಲ್ಲಿನ ಜಾಗ ಇನ್ನೊಂದು. ಮಕ್ಕಳಿದ್ದವರಿಗೆ ಹುಲ್ಲು ಒಳ್ಳೆಯದು, ಆದರೆ ಮಳೆ ಬಂದ ಮಾರನೇ ದಿನ ಕೆಸರು. ಮೂರನೆಯದು ಸುತ್ತಲಿನ ಮನೆಯವರ ಅಂಗಳ. ಪಂದ್ಯದ ದಿನ ಎಷ್ಟೋ ಮನೆಯವರು ಮುಂದೆ ಬೋರ್ಡು ಇಟ್ಟು, ದುಡ್ಡು ತೆಗೆದುಕೊಂಡು, ತಮ್ಮ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಬಿಡುತ್ತಾರೆ. ಒಂದೇ ಮನೆಗೆ ವರ್ಷಾನುಗಟ್ಟಲೆ ಹೋಗಿ ಆ ಮನೆಯವರ ಸ್ನೇಹ ಬೆಳೆಸಿಕೊಂಡವರು ಇದ್ದಾರೆ.

ಗುಂಪು ದೊಡ್ಡದಿದ್ದರೆ ಒಂದು ನಿಯಮ ಇಟ್ಟುಕೊಳ್ಳಿ: ಎಲ್ಲ ಕಾರುಗಳೂ ಹೊರಗೆ ಒಂದು ಕಡೆ ಸೇರಿ, ಸಾಲಾಗಿ ಒಟ್ಟಿಗೆ ಒಳಗೆ ಹೋಗಬೇಕು. ಒಬ್ಬೊಬ್ಬರೇ ಬಂದರೆ ಪಕ್ಕಪಕ್ಕ ಜಾಗ ಸಿಗುವುದಿಲ್ಲ. ಯಾರೋ ತಡವಾಗಿ ಬರುತ್ತಾರೆಂದು ಖಾಲಿ ಜಾಗ ಹಿಡಿದಿಡುವುದು ಬೇಡ, ಅದು ಜಗಳಕ್ಕೆ ದಾರಿ. ಇನ್ನೊಂದು ಮಾತು, ಪಂದ್ಯದ ದಿನ ಸ್ಟೇಡಿಯಂ ಪಕ್ಕದ ಮೈನ್ ಸ್ಟ್ರೀಟ್ ಭಾಗಕ್ಕೆ ವಾಹನ ಬಿಡುವುದಿಲ್ಲ. ಮ್ಯಾಪ್ ನೋಡಿಕೊಂಡೇ ಹೊರಡಿ.

ಎಷ್ಟು ಹೊತ್ತಿಗೆ ಬಂದ್ರೆ ಸರಿ?

12 ಗಂಟೆಯ ಪಂದ್ಯಕ್ಕೆ ಬೆಳಗ್ಗೆ ಏಳೂವರೆ, ಎಂಟು. ಮೂರೂವರೆಯದಕ್ಕೆ ಹತ್ತು ಗಂಟೆ. ಒಲೆ ಹಚ್ಚುವವರು ಮೊದಲು ಬರಬೇಕು, ಉಳಿದವರು ಆಮೇಲೆ ಬಂದರೂ ಆಯಿತು. ಪಂದ್ಯ ಶುರುವಾಗುವ ಒಂದು ಗಂಟೆ ಮುಂಚೆ ಒಲೆ ಆರಿಸಲೇಬೇಕು. ಆ ಹೊತ್ತಿಗೆ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡ್ ರೆವೆಲ್ಲಿ ಹಾಲ್‌ನಿಂದ ಬೀದಿಯಲ್ಲಿ ಬಾರಿಸುತ್ತಾ ಸ್ಟೇಡಿಯಂಗೆ ನಡೆದು ಹೋಗುತ್ತದೆ. ಅದನ್ನು ಬೀದಿ ಬದಿಯಲ್ಲಿ ನಿಂತು ನೋಡಿ, ಅದರ ಹಿಂದೆಯೇ ನಡೆಯಿರಿ. ಡೋಲುಗಳ ಸದ್ದು ಎದೆಗೆ ಬಡಿಯುವಷ್ಟು ಹತ್ತಿರ. ಇಡೀ ದಿನದಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಇದು. ಎಷ್ಟೋ ಜನ ಕೊನೆಯ ತುತ್ತಿಗಾಗಿ ಇದನ್ನು ಬಿಟ್ಟುಬಿಡುತ್ತಾರೆ.

ಮೊದಲ ಸಲಕ್ಕೆ ಏನೇನು ಕೊಳ್ಳಬೇಕು?

ಏನೂ ಬೇಡ. ಮಡಚುವ ಕುರ್ಚಿ, ನೀರಿನ ಬಾಟಲಿ, ಟೋಪಿ ತನ್ನಿ. ಹಳದಿ ಅಥವಾ ನೀಲಿ ಬಣ್ಣದ ಅಂಗಿ ಇದ್ದರೆ ಹಾಕಿಕೊಳ್ಳಿ, ಅವು ತಂಡದ ಬಣ್ಣಗಳು. ಕೆಂಪು ಮಾತ್ರ ಬೇಡ, ಅದು ನಮ್ಮ ಹಳೇ ಎದುರಾಳಿ ಒಹಾಯೊ ಸ್ಟೇಟ್‌ನವರದು.

ಸ್ವಂತ ಗುಂಪು ಶುರು ಮಾಡುವವರಿಗೆ: ಹತ್ತಡಿ ಹತ್ತಡಿಯ ಟೆಂಟ್, ಎರಡು ಮಡಚುವ ಮೇಜು, ಗ್ಯಾಸಿನ ಗ್ರಿಲ್, ಎರಡು ಕೂಲರ್, ಬೆಂಕಿ ಆರಿಸುವ ಸಿಲಿಂಡರ್, ಕೈ ತೊಳೆಯಲು ನಲ್ಲಿ ಇರುವ ನೀರಿನ ಡ್ರಮ್, ಬೇಕಾದ್ದಕ್ಕಿಂತ ಎರಡರಷ್ಟು ಕಸದ ಚೀಲ. ಟೆಂಟಿನ ಪ್ರತಿ ಕಾಲಿಗೂ ಭಾರ ಕಟ್ಟಬೇಕು. ಡಾಂಬರಿನ ಮೇಲೆ ಗೂಟ ಹೊಡೆಯಲು ಆಗದು. ಬಕೆಟ್ಟಿಗೆ ಸಿಮೆಂಟ್ ಸುರಿದು ಕೊಕ್ಕೆ ನೆಟ್ಟರೆ ವರ್ಷಗಟ್ಟಲೆ ಬರುತ್ತದೆ. ಕಾಲಿಗೆ 18 ಕಿಲೋದಷ್ಟಾದರೂ ಇರಲಿ. ಗಾಳಿಗೆ ಎದ್ದ ಟೆಂಟು ಪಕ್ಕದವರ ಒಲೆಯ ಮೇಲೆ ಬಿದ್ದರೆ ಅನಾಹುತ. ಜೊತೆಗೆ ಎತ್ತರದ ಕೋಲಿಗೆ ಒಂದು ಬಾವುಟ. ಸಾವಿರಾರು ಕಾರುಗಳ ನಡುವೆ ನಿಮ್ಮ ಗುಂಪನ್ನು ಹುಡುಕುವುದು ಅದರಿಂದಲೇ. ನಮ್ಮದು ಹಳದಿ ಕೆಂಪು, ಕನ್ನಡದ ಬಾವುಟ. ಅದನ್ನು ನೋಡಿ ಗುರುತಿಲ್ಲದ ಕನ್ನಡದವರು ಬಂದು ಮಾತಾಡಿಸಿದ್ದಾರೆ, ಆಮೇಲೆ ಗುಂಪಿನವರೇ ಆಗಿದ್ದಾರೆ.

## ಒಲೆ, ಊಟ

ನಾವು ಸಸ್ಯಾಹಾರಿಗಳು. ಅಲ್ಲಿ ಎಲ್ಲಾ ಮಾಂಸವೇ ಇರತ್ತಂತೆ?

ಲಾಟ್ ತುಂಬ ಮಾಂಸದ ಹೊಗೆ ಇರುವುದು ನಿಜ. ನಮ್ಮ ಟೆಂಟಿನಲ್ಲಿ ಒಲೆ ಎರಡು. ಒಂದರ ಮೇಲೆ ಮಾಂಸ ಯಾವತ್ತೂ ಏರುವುದಿಲ್ಲ. ಅದರ ಇಕ್ಕಳ, ಸಟ್ಟುಗ, ಹಲಗೆ, ಎಲ್ಲಕ್ಕೂ ಹಸಿರು ಟೇಪು ಸುತ್ತಿದ್ದೇವೆ. ಯಾರೂ ಯಾರನ್ನೂ ಕೇಳುವ ಪ್ರಮೇಯವೇ ಬರುವುದಿಲ್ಲ. ಸಂಕೋಚದಿಂದ ಬರೀ ಚಿಪ್ಸ್ ತಿಂದು ಹೋದ ಒಬ್ಬ ಅತಿಥಿ ಇದ್ದರೂ ಅದು ಗುಂಪಿನ ತಪ್ಪು.

ಸೆಪ್ಟೆಂಬರಿನಲ್ಲಿ ಮಿಶಿಗನ್‌ನ ಮುಸುಕಿನ ಜೋಳ ಸಿಹಿಯಾಗಿರುತ್ತದೆ. ಸಿಪ್ಪೆಯ ಸಮೇತ ಸುಟ್ಟು, ಉಪ್ಪು, ಖಾರದಪುಡಿ, ನಿಂಬೆಹೋಳು ಉಜ್ಜಿ ಕೊಟ್ಟರೆ ಪಕ್ಕದ ಟೆಂಟಿನವರೂ ಸಾಲು ನಿಲ್ಲುತ್ತಾರೆ. ಪನೀರು, ದಪ್ಪಮೆಣಸಿನಕಾಯಿ, ಅನಾನಸು ಗ್ರಿಲ್‌ಗೆ ಚೆನ್ನಾಗಿ ಹೊಂದುತ್ತವೆ. ಇವೆಲ್ಲಕ್ಕಿಂತ ಟೈಲ್‌ಗೇಟ್‌ಗೆಂದೇ ಹೇಳಿ ಮಾಡಿಸಿದ್ದು ಚುರುಮುರಿ. ಮಂಡಕ್ಕಿ, ಹುರಿದ ಕಡಲೆಬೀಜ ಡಬ್ಬದಲ್ಲಿ ಬರುತ್ತವೆ. ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಬೇರೆ ಡಬ್ಬದಲ್ಲಿ. ಕೇಳಿದವರಿಗೆ ಕೇಳಿದಾಗ ಕಲಸಿ ಕೊಡಬೇಕು. ಒಲೆ ಬೇಡ, ತಟ್ಟೆ ಬೇಡ, ಕಾಗದದ ಪೊಟ್ಟಣ ಸಾಕು.

ಅಲ್ಲಿ ನಿಜವಾಗ್ಲೂ ದೋಸೆ ಹುಯ್ತೀರಾ?

ಹುಯ್ಯುತ್ತೇವೆ. ಇಲ್ಲಿನವರು ಬರ್ಗರ್, ಮೊಟ್ಟೆ ಬೇಯಿಸಲು ಬಳಸುವ ಅಗಲವಾದ ಗ್ಯಾಸಿನ ಕಬ್ಬಿಣದ ತವಾ ಇದೆಯಲ್ಲ, ಅದರ ಮೇಲೆ ಒಂದೇ ಸಲಕ್ಕೆ ನಾಲ್ಕು ದೋಸೆ ಆಗುತ್ತವೆ. ಎರಡು ತೊಂದರೆ. ಒಂದು ಗಾಳಿ. ಉರಿ ಒಂದು ಕಡೆಗೆ ವಾಲಿ ತವಾದ ಅರ್ಧ ಭಾಗ ಕಾಯುವುದೇ ಇಲ್ಲ. ಕಾರನ್ನೇ ಗಾಳಿಗೆ ಅಡ್ಡ ನಿಲ್ಲಿಸಿ, ಆದರೆ ಒಲೆ ಕಾರಿಗೆ ತೀರಾ ಹತ್ತಿರ ಬೇಡ. ಇನ್ನೊಂದು ಹಿಟ್ಟು. ಅಕ್ಟೋಬರ್ ಬಂತೆಂದರೆ ಇಲ್ಲಿನ ಅಡುಗೆಮನೆಯಲ್ಲಿ ಹಿಟ್ಟು ಹುಳಿ ಬರುವುದಿಲ್ಲ. ಓವನ್ ಹಚ್ಚದೆ ಬರೀ ಅದರ ದೀಪ ಹಾಕಿ ರಾತ್ರಿಯಿಡೀ ಒಳಗಿಡಿ, ಬೆಳಗ್ಗೆಗೆ ಉಬ್ಬಿರುತ್ತದೆ. ತರುವಾಗ ಪಾತ್ರೆಯ ಅರ್ಧ ಮಾತ್ರ ತುಂಬಿಸಿ ಕೂಲರ್‌ನಲ್ಲಿಡಿ.

ಚಟ್ನಿ ಕೊಬ್ಬರಿಯದಕ್ಕಿಂತ ಕಡಲೆಬೀಜದ್ದೋ ಟೊಮೆಟೊದ್ದೋ ಒಳ್ಳೆಯದು, ಬೇಗ ಕೆಡುವುದಿಲ್ಲ.

ಇಲ್ಲಿನವರು ಏನು ಮಾಡ್ತಾರೆ? ನಾವು ಅದನ್ನೂ ಕಲೀಬೇಕಲ್ವಾ?

ಕಲಿಯಲೇಬೇಕು. ನಮ್ಮದನ್ನು ಕೊಟ್ಟು ಅವರದನ್ನು ಮುಟ್ಟದೆ ಬಂದರೆ ಅರ್ಧ ಸ್ನೇಹ ಅಷ್ಟೇ. ಮಾಂಸ ತಿನ್ನುವವರು ಬ್ರಾಟ್‌ವರ್ಸ್ಟ್ ಸಾಸೇಜು ಮಾಡುವುದನ್ನು ನೋಡಿ ಕಲಿಯಿರಿ. ಈರುಳ್ಳಿ ಹಾಕಿದ ಬಿಯರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿ, ಆಮೇಲೆ ಗ್ರಿಲ್ ಮೇಲೆ ಕೆಂಪಗೆ ಮಾಡುತ್ತಾರೆ. ಡೆಟ್ರಾಯಿಟ್‌ನ ಹೆಸರಾಂತ ಕೋನಿ ಡಾಗ್‌ಗೆ ಸಾಸೇಜಿನ ಮೇಲೆ ಖಾರದ ಖೈಮಾ ಸಾಸು, ಹೆಚ್ಚಿದ ಈರುಳ್ಳಿ, ಸಾಸಿವೆ. ಚಳಿಯಾದಾಗ ದೊಡ್ಡ ಪಾತ್ರೆಯಲ್ಲಿ ಚಿಲಿ, ಅಂದರೆ ಖೈಮಾ ಹಾಕಿ ಕುದಿಸಿದ ಖಾರದ ಗಟ್ಟಿ ಸಾರು. ಬರೀ ರಾಜ್ಮಾ, ಟೊಮೆಟೊ ಹಾಕಿದ ಚಿಲಿಯೂ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಅಕ್ಟೋಬರಿನಲ್ಲಿ ಸೇಬಿನ ಸೈಡರ್, ಡೋನಟ್. ಹತ್ತಿರದ ಡೆಕ್ಸ್‌ಟರ್ ಸೈಡರ್ ಮಿಲ್ 1886ರಿಂದ ಇದೆ. ಮಕ್ಕಳಿಗೆ ಡೆಟ್ರಾಯಿಟ್‌ನಲ್ಲೇ ಹುಟ್ಟಿದ ಫೇಗೋ, ವರ್ನರ್ಸ್ ಸೋಡಾಗಳು.

ಬೆಳಗ್ಗೆ ಮಾಡಿದ್ದು ಸಂಜೆವರೆಗೆ ಕೆಡಲ್ವಾ?

ಕೆಡುತ್ತದೆ, ಅದಕ್ಕೇ ಗಡಿಯಾರ ನೋಡಬೇಕು. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಮೊಸರನ್ನಕ್ಕೂ ಇದೇ ಲೆಕ್ಕ. ತಣ್ಣಗಿನದು 4 ಡಿಗ್ರಿಗಿಂತ ಕೆಳಗಿರಬೇಕು, ಬಿಸಿಯದು 60ಕ್ಕಿಂತ ಮೇಲಿರಬೇಕು. ಕೋಳಿಯ ಒಳಭಾಗ 74 ಡಿಗ್ರಿ ಆಗಿದೆಯೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಿ, ಬಣ್ಣ ನೋಡಿ ನಂಬಬೇಡಿ. ಪಾನೀಯಕ್ಕೆ ಬೇರೆ ಕೂಲರ್, ಊಟಕ್ಕೆ ಬೇರೆ. ಪಾನೀಯದ್ದನ್ನು ಕ್ಷಣಕ್ಕೊಮ್ಮೆ ತೆಗೆಯುತ್ತಾರೆ.

ಬಿಸಿಬೇಳೆಬಾತ್ ತರುವವರಿಗೆ: ಕೂಲರ್ ತಂಪಿಗೆ ಮಾತ್ರ ಅಲ್ಲ. ಖಾಲಿ ಕೂಲರ್‌ಗೆ ಕುದಿಯುವ ನೀರು ಸುರಿದು ಸ್ವಲ್ಪ ಹೊತ್ತು ಬಿಡಿ, ಚೆಲ್ಲಿ. ಬಿಸಿ ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಒಳಗಿಟ್ಟು ಮುಚ್ಚಿದರೆ ಗಂಟೆಗಟ್ಟಲೆ ಆವಿ ಆಡುತ್ತಲೇ ಇರುತ್ತದೆ.

ಮಳೆ ಬಂದ್ರೆ ಗ್ರಿಲ್‌ನ ಟೆಂಟ್ ಒಳಗೆ ಎಳ್ಕೊಳ್ಬಹುದಾ?

ಬೇಡ. ಟೆಂಟ್ ಹೊತ್ತಿಕೊಳ್ಳುವ ಅಪಾಯ ಒಂದು, ಕಾರ್ಬನ್ ಮಾನಾಕ್ಸೈಡ್ ಇನ್ನೊಂದು. ಅದಕ್ಕೆ ವಾಸನೆಯಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಆರುತ್ತಿರುವ ಇದ್ದಿಲಿನ ಗ್ರಿಲ್ಲನ್ನು ಕಾರಿನ ಡಿಕ್ಕಿಯಲ್ಲಿ ಇಡುವುದೂ ಅಷ್ಟೇ ಅಪಾಯ. ಕೆಂಡವನ್ನು ಲಾಟ್‌ನಲ್ಲಿ ಅದಕ್ಕೆಂದೇ ಇಟ್ಟಿರುವ ಲೋಹದ ತೊಟ್ಟಿಗೆ ಹಾಕಿ. ಹುಲ್ಲಿನ ಮೇಲೆ, ಪ್ಲಾಸ್ಟಿಕ್ ಡಬ್ಬಕ್ಕೆ ಬೇಡ. ಸಿಡಿಲು ಬಂದರೆ ಎಲ್ಲ ಬಿಟ್ಟು ಕಾರಿನೊಳಗೆ ಕೂರಿ.

## ಜನರ ವಿಷಯ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನ ಕರ್ಕೊಂಡು ಬರಬಹುದಾ?

ದಯವಿಟ್ಟು ಕರೆದುಕೊಂಡು ಬನ್ನಿ. ಮಗ ಅಥವಾ ಮಗಳು ಇಲ್ಲಿ ಮನೆ, ಆಫೀಸು, ದೇವಸ್ಥಾನ ಬಿಟ್ಟು ಬೇರೆ ಯಾರೊಂದಿಗೆ ಬೆರೆಯುತ್ತಾರೆ ಎನ್ನುವುದು ಎಷ್ಟೋ ಹಿರಿಯರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಸೆಪ್ಟೆಂಬರ್ ಅಥವಾ ಅಕ್ಟೋಬರ್ ಮೊದಲ ಭಾಗದ ಪಂದ್ಯ ಆರಿಸಿ. ಬೆನ್ನಿಗೆ ಆಸರೆ ಇರುವ ಗಟ್ಟಿ ಕುರ್ಚಿ ತನ್ನಿ. ಲಾಟ್‌ನಲ್ಲಿ ಇರುವುದು ತಾತ್ಕಾಲಿಕ ಶೌಚಾಲಯ, ಅದನ್ನು ಮೊದಲೇ ಹೇಳಿಬಿಡಿ. ಬೆಳಗಿನ ಹೊತ್ತು ಚೊಕ್ಕವಾಗಿರುತ್ತದೆ, ಆಮೇಲೆ ಕಷ್ಟ.

ಒಳಗೆ ಹೋಗುವುದಾದರೆ ಒಂದು ವಿಷಯ ನೆನಪಿರಲಿ. ಬಿಗ್ ಹೌಸ್‌ನ ಬಹುಭಾಗ ನೆಲಮಟ್ಟಕ್ಕಿಂತ ಕೆಳಗಿದೆ. ಬೀದಿಯಿಂದ ಒಳಗೆ ಹೋದರೆ ನೀವು ಮೇಲಿನ ಸಾಲುಗಳ ಹತ್ತಿರ ಇರುತ್ತೀರಿ, ಮೈದಾನದ ಹತ್ತಿರದ ಸೀಟಿಗೆ ಮೆಟ್ಟಿಲಿಳಿದು ಹೋಗಬೇಕು. ಮಂಡಿ ನೋವಿದ್ದವರಿಗೆ ಮೇಲಿನ ಸೀಟೇ ಒಳ್ಳೆಯದು. ಬಹಳಷ್ಟು ಕಡೆ ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳು.

ನಾವು ಕುಡಿಯಲ್ಲ. ಅಲ್ಲಿ ಕುಡಿದು ಗಲಾಟೆ ಇರತ್ತಾ?

ಕುಡಿಯುವವರು ಇರುತ್ತಾರೆ. ಗಲಾಟೆ ವಿದ್ಯಾರ್ಥಿಗಳ ಮನೆಗಳಿರುವ ಬೀದಿಗಳಲ್ಲಿ ಜಾಸ್ತಿ, ಸಂಸಾರಸ್ಥರು ಸೇರುವ ಲಾಟುಗಳಲ್ಲಿ ಕಡಿಮೆ. ಮಜ್ಜಿಗೆ ಕುಡಿದುಕೊಂಡು ಇಡೀ ದಿನ ಕಳೆಯುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಯಾರೂ ಒತ್ತಾಯ ಮಾಡುವುದಿಲ್ಲ.

ಕುಡಿಯುವವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 21 ವರ್ಷ ಆಗಿರಬೇಕು. ತೆರೆದ ಬಾಟಲಿ ಹಿಡಿದು ಬೀದಿಗೆ ಇಳಿಯಬಾರದು. ಕಾರು ಓಡಿಸುವವರು ಮುಟ್ಟಲೇಬಾರದು. ಮಿಶಿಗನ್‌ನಲ್ಲಿ ರಕ್ತದ ಆಲ್ಕೋಹಾಲ್ ಮಿತಿ 0.08, ಆದರೆ ನಮ್ಮ ಗುಂಪಿನಲ್ಲಿ ಸ್ಟೀರಿಂಗ್ ಹಿಡಿಯುವವರಿಗೆ ಮಿತಿ ಸೊನ್ನೆ. ವೀಸಾ ಮೇಲೆ ಇರುವವರು ಇನ್ನೊಂದು ತಿಳಿದಿರಬೇಕು: ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ, ಕೋರ್ಟಿನಲ್ಲಿ ತಪ್ಪು ಸಾಬೀತಾಗುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಒಂದು ಸಂಜೆಗಾಗಿ ಇಡೀ ಮನೆಯ ಬದುಕು ಅಲ್ಲಾಡುತ್ತದೆ. 2024ರಿಂದ ಸ್ಟೇಡಿಯಂ ಒಳಗೂ ಬಿಯರ್ ಮಾರುತ್ತಾರೆ, ಆದ್ದರಿಂದ ಮನೆಗೆ ಯಾರು ಓಡಿಸುತ್ತಾರೆ ಎನ್ನುವುದು ಬೆಳಗ್ಗೆ ಹೊರಡುವಾಗಲೇ ತೀರ್ಮಾನವಾಗಿರಲಿ.

ಆ ಹಲಗೆಗೆ ಚೀಲ ಎಸೆಯೋ ಆಟ ಏನು?

ಕಾರ್ನ್‌ಹೋಲ್. ಎರಡಡಿ ಅಗಲ, ನಾಲ್ಕಡಿ ಉದ್ದದ ಇಳಿಜಾರು ಹಲಗೆ, ಮೇಲ್ಭಾಗದಲ್ಲಿ ಆರಿಂಚಿನ ತೂತು. ಎರಡು ಹಲಗೆಗಳ ನಡುವೆ 27 ಅಡಿ. ಚೀಲ ತೂತಿಗೆ ಬಿದ್ದರೆ 3, ಹಲಗೆಯ ಮೇಲೆ ನಿಂತರೆ 1. ಆ ಸುತ್ತಿನಲ್ಲಿ ಇಬ್ಬರ ಅಂಕ ಕಳೆದು ಉಳಿದದ್ದು ಮಾತ್ರ ಲೆಕ್ಕಕ್ಕೆ. ಮೊದಲು 21 ಮುಟ್ಟಿದವರು ಗೆದ್ದರು. ಗುರುತಿಲ್ಲದವರ ಜೊತೆ ಮಾತು ಶುರು ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎದುರಾಳಿ ತಂಡದವರು ಬಂದ್ರೆ ಹೇಗೆ ನಡ್ಕೊಳ್ಬೇಕು?

ಕರೆದು ಊಟ ಹಾಕಿ. ದೂರದಿಂದ ಕಾರು ಓಡಿಸಿಕೊಂಡು ಬಂದಿರುತ್ತಾರೆ. ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್‌ನವರೊಂದಿಗೆ ಕಾಲೆಳೆಯುವ ಮಾತು ಇದ್ದದ್ದೇ. ಒಹಾಯೊ ಸ್ಟೇಟ್ ಜೊತೆಗಿನ ಹಣಾಹಣಿ 1897ರಿಂದ ಇದೆ, ಎರಡೂ ಕಡೆ ಮನಸ್ಸಿಗೆ ಹಚ್ಚಿಕೊಂಡಿರುತ್ತಾರೆ. ಮಾತು ತಂಡದ ಬಗ್ಗೆ ಇರಲಿ, ಮನುಷ್ಯರ ಬಗ್ಗೆ ಬೇಡ. ಮಕ್ಕಳ ಮುಂದೆ ಬೈಗುಳ ಬೇಡ.

## ಇಡೀ ಸೀಸನ್ ನಡೆಸುವವರಿಗೆ

ಖರ್ಚು ಹೇಗೆ ಹಂಚ್ಕೋತೀರಿ? ದುಡ್ಡಿನ ವಿಷಯಕ್ಕೆ ಮನಸ್ತಾಪ ಬರಲ್ವಾ?

ಬಾಯಿಬಿಟ್ಟು ಮಾತಾಡದಿದ್ದರೆ ಬರುತ್ತದೆ. ಎರಡು ಲೆಕ್ಕ ಇಡಿ. ಪಾರ್ಕಿಂಗ್ ಪಾಸ್, ಟೆಂಟ್, ಗ್ರಿಲ್, ಗ್ಯಾಸ್ ಸೀಸನ್ ಲೆಕ್ಕಕ್ಕೆ. ಅದನ್ನು ಆಗಸ್ಟ್‌ನಲ್ಲೇ ಕಾಯಂ ಸದಸ್ಯರ ಮನೆಗಳು ಸಮನಾಗಿ ಹಂಚಿಕೊಳ್ಳಬೇಕು. ದಿನಸಿ, ಐಸ್, ತಟ್ಟೆ ಆಯಾ ವಾರದ ಲೆಕ್ಕಕ್ಕೆ. ಅದನ್ನು ಆ ವಾರ ಬಂದ ದೊಡ್ಡವರು ಮಾತ್ರ ಕೊಡಬೇಕು. ಮಾಂಸ, ಬಿಯರ್ ಬೇರೆ ಬರೆಯಿರಿ, ತಿನ್ನದವರ ಮೇಲೆ ಹಾಕಬೇಡಿ. ವಿದ್ಯಾರ್ಥಿಗಳಿಂದ, ಮೊದಲ ಸಲ ಬಂದವರಿಂದ ತೆಗೆದುಕೊಳ್ಳಬೇಡಿ. ಭಾನುವಾರ ರಾತ್ರಿಯೊಳಗೆ ಲೆಕ್ಕ ಗುಂಪಿಗೆ ಹೋಗಲಿ. ವಾರಗಟ್ಟಲೆ ಬಾಕಿ ಬಿಟ್ಟ ಲೆಕ್ಕ ಕೇಳುವುದು ಎಲ್ಲರಿಗೂ ಮುಜುಗರ.

ಸೆಪ್ಟೆಂಬರ್‌ನಲ್ಲಿ ಎಲ್ಲರೂ ಬರ್ತಾರೆ, ಆಮೇಲೆ ಕೆಲಸ ಇಬ್ಬರು ಮೂವರ ಮೇಲೇ ಬೀಳತ್ತೆ. ನೀವು ಹೇಗೆ ನಿಭಾಯಿಸ್ತೀರಿ?

ಗುಂಪುಗಳು ಒಡೆಯುವುದು ತಂಡ ಸೋತದ್ದಕ್ಕಲ್ಲ, ಇದಕ್ಕೇ. ಅದರಲ್ಲೂ ನಮ್ಮ ಕನ್ನಡದ ಮನೆಗಳಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಟೈಲ್‌ಗೇಟ್ ಎಂದ ಕೂಡಲೇ ಶುಕ್ರವಾರ ರಾತ್ರಿ ಹೆಂಗಸರು ಅಡುಗೆಮನೆಯಲ್ಲಿ ನಿಂತು ಇಪ್ಪತ್ತು ಜನಕ್ಕೆ ಪುಳಿಯೋಗರೆ, ಪಲ್ಯ ಮಾಡಿ ಡಬ್ಬ ಕಟ್ಟುತ್ತಾರೆ. ಶನಿವಾರ ಗಂಡಸರು ಗ್ರಿಲ್ ಮುಂದೆ ನಿಂತು ಹೊಗಳಿಸಿಕೊಳ್ಳುತ್ತಾರೆ. ಸಂಜೆ ಪಾತ್ರೆ ತೊಳೆಯುವುದು ಮತ್ತೆ ಹೆಂಗಸರೇ. ಹೀಗೆ ನಡೆದರೆ ಅಕ್ಟೋಬರ್ ಹೊತ್ತಿಗೆ ಆ ಮನೆಯವರು ಬರುವುದೇ ಇಲ್ಲ. ಬರದಿರುವುದು ಸರಿಯಾಗಿಯೇ ಇದೆ.

ಅದಕ್ಕೆ ನಮ್ಮ ಕಟ್ಟುಪಾಡು ಹೀಗಿದೆ. ಅಡುಗೆ ಆದಷ್ಟೂ ಲಾಟ್‌ನಲ್ಲೇ ಆಗಬೇಕು, ಎಲ್ಲರ ಕಣ್ಣೆದುರಿಗೆ, ಎಲ್ಲರ ಕೈಯಿಂದ. ಮನೆಯಲ್ಲಿ ಮಾಡುವುದು ಹಿಟ್ಟು ರುಬ್ಬುವುದು, ಒಗ್ಗರಣೆ ಪುಡಿ ಮಾಡಿಡುವುದು ಇಷ್ಟೇ. ಪ್ರತಿ ವಾರಕ್ಕೂ ಇಬ್ಬರು ಯಜಮಾನರು, ಬೇರೆ ಬೇರೆ ಮನೆಯವರು. ಒಂದೇ ಮನೆಯ ಗಂಡ ಹೆಂಡತಿ ಆಗಬಾರದು. ದಿನಸಿ ಪಟ್ಟಿ, ಕಾರಿಗೆ ತುಂಬುವುದು, ಒಲೆ ಅವರದು. ಪಾತ್ರೆ, ಕಸ, ಟೆಂಟ್ ಮಡಚುವುದು ಮುಂದಿನ ವಾರದ ಇಬ್ಬರದು. ಹಾಗೆ ಮಾಡಿದರೆ ಯಾವ ಡಬ್ಬದಲ್ಲಿ ಏನಿದೆ ಎನ್ನುವುದು ಅವರಿಗೆ ತಾನಾಗಿ ತಿಳಿಯುತ್ತದೆ. ಪಟ್ಟಿ ಆಗಸ್ಟ್‌ನಲ್ಲೇ ಸಿದ್ಧವಾಗುತ್ತದೆ. ಗೌರಿ ಗಣೇಶ, ನವರಾತ್ರಿ, ದೀಪಾವಳಿ ಯಾವ ವಾರ ಬರುತ್ತವೆ ನೋಡಿಕೊಂಡು, ಹಬ್ಬ ಮಾಡುವ ಮನೆಯವರಿಗೆ ಆ ವಾರ ರಜೆ.

ಇನ್ನೊಂದು ನಿಯಮಕ್ಕೆ ನಾವು ಯಾವತ್ತೂ ವಿನಾಯಿತಿ ಕೊಟ್ಟಿಲ್ಲ: ಒಲೆ ಮುಂದೆ ಒಬ್ಬರು ಒಂದು ಗಂಟೆಗಿಂತ ಜಾಸ್ತಿ ನಿಲ್ಲುವಂತಿಲ್ಲ. ಎಷ್ಟು ಇಷ್ಟಪಟ್ಟು ಮಾಡಿದರೂ ಸರಿ, ಸಟ್ಟುಗ ಬೇರೆಯವರಿಗೆ ಕೊಟ್ಟು ಕೂತು ಉಣ್ಣಬೇಕು. ಬಡಿಸುವವರು ಉಣ್ಣದೆ ಉಳಿದರೆ ಅದನ್ನು ಔತಣ ಎನ್ನಲಾಗದು.

ನವೆಂಬರ್ ಚಳೀಲಿ ಇದೆಲ್ಲಾ ಸಾಧ್ಯಾನಾ?

ಸಾಧ್ಯ. ನನ್ನನ್ನು ಕೇಳಿದರೆ ಆಗಲೇ ಚೆಂದ, ಜನ ಕಡಿಮೆ, ಮಾತು ಜಾಸ್ತಿ. 2021ರಲ್ಲಿ ಹಿಮ ಬೀಳುತ್ತಿರುವಾಗಲೇ ಮಿಶಿಗನ್ ಇಲ್ಲಿ ಒಹಾಯೊ ಸ್ಟೇಟನ್ನು 42-27ರಿಂದ ಸೋಲಿಸಿತು. ಆ ದಿನ ಚಳಿಗೆ ಹೆದರಿ ಮನೆಯಲ್ಲಿ ಉಳಿದವರು ಈಗಲೂ ಹಳಹಳಿಸುತ್ತಾರೆ.

ಚಳಿ ಏರುವುದು ಕಾಲಿನಿಂದ. ಡಾಂಬರಿನ ಮೇಲೆ ದಪ್ಪ ರಟ್ಟು ಹಾಸಿ ಅದರ ಮೇಲೆ ನಿಲ್ಲಿ, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಹತ್ತಿ ಕಾಲುಚೀಲ ಬೇಡ, ಉಣ್ಣೆಯದು ಹಾಕಿ. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ಪದರ ತೆಳ್ಳಗಿನದು ಒಳ್ಳೆಯದು. ಸಣ್ಣ ಹಸಿರು ಗ್ಯಾಸ್ ಸಿಲಿಂಡರ್ ಚಳಿಗೆ ಒತ್ತಡ ಕಳೆದುಕೊಂಡು ಉರಿ ಸಣ್ಣಗಾಗುತ್ತದೆ, 20 ಪೌಂಡಿನ ದೊಡ್ಡದು ತನ್ನಿ. ದೋಸೆ ಕೈಬಿಡಿ, ತಟ್ಟೆಗೆ ಬರುವಷ್ಟರಲ್ಲಿ ಆರುತ್ತದೆ. ಆಗ ತಿಳಿಸಾರು, ಲೋಟದಲ್ಲಿ. ಮೆಣಸು ಸ್ವಲ್ಪ ಮುಂದಾಗಿರಲಿ. ಫಿಲ್ಟರ್ ಕಾಫಿಯ ಡಿಕಾಕ್ಷನ್ ಮನೆಯಲ್ಲೇ ಇಳಿಸಿ ಫ್ಲಾಸ್ಕಿನಲ್ಲಿ ತಂದು, ಹಾಲು ಅಲ್ಲೇ ಕಾಯಿಸಿ.

ಪಂದ್ಯ ಮುಗಿದ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋದು ಹೇಗೆ ತಪ್ಪಿಸೋದು?

ಹೊರಡಬೇಡಿ. ಒಂದು ಲಕ್ಷ ಜನ ಒಟ್ಟಿಗೆ ಹೊರಡುವಾಗ ನೀವು ಒಂದೂವರೆ ಗಂಟೆ ಕೂತಿರಿ. ಒಲೆ ಮತ್ತೆ ಹಚ್ಚಿ, ಉಳಿದದ್ದು ಬಿಸಿ ಮಾಡಿ, ಮುಂದಿನ ಪಂದ್ಯ ಟಿವಿಯಲ್ಲಿ ನೋಡಿ. ಗೆದ್ದ ದಿನ ಹಾಡು, ಸೋತ ದಿನ ವಾದ. ಅಷ್ಟರಲ್ಲಿ ರಸ್ತೆ ಖಾಲಿಯಾಗಿರುತ್ತದೆ. ಹೊರಡುವ ಮುಂಚೆ ನಿಮ್ಮ ಜಾಗದ ಜೊತೆ ಅಕ್ಕಪಕ್ಕದ ಕಸವನ್ನೂ ಹೆಕ್ಕಿ.

ಬೇರೆ ಊರಿನ ಪಂದ್ಯಕ್ಕೆ ಹೋಗಿ ಟೈಲ್‌ಗೇಟ್ ಮಾಡಬಹುದಾ?

ವರ್ಷಕ್ಕೆ ಒಂದು ಮಾಡಿ, ಅದಕ್ಕಿಂತ ಜಾಸ್ತಿ ಆದರೆ ದಣಿವು. ಮಿಶಿಗನ್ ಸ್ಟೇಟ್ ತಂಡದ ಊರು ಈಸ್ಟ್ ಲ್ಯಾನ್ಸಿಂಗ್ ಒಂದು ಗಂಟೆಯ ಸ್ವಲ್ಪ ಮೇಲಿನ ದಾರಿ, ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ಒಹಾಯೊ ಸ್ಟೇಟ್ ತಂಡದ ಊರು ಕೊಲಂಬಸ್ ಮೂರು ಗಂಟೆಗೂ ಮೇಲೆ, ರಾತ್ರಿ ಉಳಿಯುವುದೇ ಲೇಸು. ಆ ವಾರ ಹೋಟೆಲ್ ಬೆಲೆ ಏರಿರುತ್ತದೆ, ಬೇಸಿಗೆಯಲ್ಲೇ ಕಾಯ್ದಿರಿಸಿ. 2024ರಿಂದ ಯುಎಸ್‌ಸಿ, ಯುಸಿಎಲ್‌ಎ, ಒರೆಗಾನ್, ವಾಷಿಂಗ್ಟನ್ ಎಂಬ ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯಗಳ ತಂಡಗಳೂ ನಮ್ಮ ತಂಡ ಆಡುವ ಬಿಗ್ ಟೆನ್ ಲೀಗಿಗೆ ಸೇರಿವೆ. ಆ ಪಶ್ಚಿಮದ ಊರುಗಳಿಗೆ ವಿಮಾನದಲ್ಲಿ ಹೋಗುವುದಾದರೆ ಗ್ರಿಲ್ ಒಯ್ಯುವ ಮಾತಿಲ್ಲ. ಅಲ್ಲಿರುವ ಕನ್ನಡದ ಗೆಳೆಯರಿಗೆ ಮೊದಲೇ ಹೇಳಿ, ಒಲೆ ಅವರದು, ದಿನಸಿ ನಮ್ಮದು ಎಂದು ಮಾತಾಡಿಕೊಳ್ಳಿ. ಅವರು ಇತ್ತ ಬಂದಾಗ ಲೆಕ್ಕ ತಿರುಗಿಸಿದರಾಯಿತು. ಬೇರೆ ಊರಿನ ಲಾಟ್‌ಗಳ ನಿಯಮ ನಮ್ಮದರಂತೆ ಇರುವುದಿಲ್ಲ. ಇದ್ದಿಲು, ಟೆಂಟ್, ಗ್ಲಾಸ್ ಬಾಟಲಿ ಬಿಡುತ್ತಾರೋ ಇಲ್ಲವೋ ಪಾಸ್ ಕೊಳ್ಳುವ ಮುಂಚೆ ಓದಿ ನೋಡಿ.